ಯಾವ ಫೈಟರ್ ಸಿನಿಮಾ ನೋಡೋದು? ರಿಂಗಿನ ಹೊರಗೆ ನಿಂತವರನ್ನು ನೋಡಿ ಆರಿಸಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ಬೆಳಗಿನ ಹರಾಜು ಮುಗಿದ ಮೇಲೆ ಲೆಕ್ಕ ಬರೆಯುವ ನಮಗೆ ಒಂದು ಅರ್ಧ ಗಂಟೆ ಬಿಡುವು ಸಿಗುತ್ತದೆ. ಆ ಕಡೆ ಬಾಕ್ಸುಗಳು ಲಾರಿ ಹತ್ತುತ್ತಿರುತ್ತವೆ, ಈ ಕಡೆ ನಾವು ಟೀ ಹಿಡಿದು ಕೂತಿರುತ್ತೇವೆ. ಮಾತು ಮಳೆಯಿಂದ ಶುರುವಾಗುತ್ತದೆ, ರೇಟಿಗೆ ಬರುತ್ತದೆ, ಕೊನೆಗೆ ಸಿನಿಮಾಗೆ ಬಂದು ನಿಲ್ಲುತ್ತದೆ. ಹೋದ ತಿಂಗಳು ‘ವಾರಿಯರ್’ ಅನ್ನೋ ಇಂಗ್ಲಿಷ್ ಸಿನಿಮಾದ ವಿಷಯಕ್ಕೆ ಇಬ್ಬರ ನಡುವೆ ಜೋರು ವಾದವೇ ಆಯಿತು. ಒಬ್ಬರು, “ಇಷ್ಟು ಒಳ್ಳೆ ಫೈಟ್ ಸಿನಿಮಾ ನಾನು ನೋಡೇ ಇಲ್ಲಣ್ಣ” ಅಂದರು. ಇನ್ನೊಬ್ಬರು, “ಮೊದಲ ಒಂದು ಗಂಟೆ ಬರೀ ಮಾತು, ನಂಗೆ ನಿದ್ದೆ ಬಂತು” ಅಂದರು.

ಇಬ್ಬರೂ ಹೇಳಿದ್ದು ನಿಜವೇ. ಒಬ್ಬರು ಮನೆ ಕಥೆ ನೋಡೋಕೆ ಕೂತಿದ್ದರು, ಇನ್ನೊಬ್ಬರು ಏಟು ನೋಡೋಕೆ ಕೂತಿದ್ದರು. ಅದಕ್ಕೇ ಈ ಜಾತಿಯ ಸಿನಿಮಾ ಬಗ್ಗೆ ಯಾರಾದರೂ ಸುಮ್ನೆ “ಸೂಪರ್” ಅಥವಾ “ಬೋರು” ಅಂದರೆ ನಮಗೆ ಏನೂ ತಿಳಿಯೋದಿಲ್ಲ. ಅವರು ಏನು ಬೇಕು ಅಂತ ಕೂತಿದ್ದರು ಅನ್ನೋದನ್ನ ಕೇಳಬೇಕು.

ನಮ್ಮನೆಯಲ್ಲಿ ಶನಿವಾರ ರಾತ್ರಿ ಊಟ ಆದ ಮೇಲೆ ಒಂದು ಸಿನಿಮಾ ನೋಡುವ ಅಭ್ಯಾಸ ಇದೆ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಹೈಸ್ಕೂಲು ಓದುವ ಮಗಳು. ಜಿಮ್ಮಿಗೆ ಹೋಗುವ ಬಾಮೈದ ಬಂದರೆ ಅವನೂ. ಕುಸ್ತಿ, ಬಾಕ್ಸಿಂಗ್, ಕಿಕ್ ಬಾಕ್ಸಿಂಗ್ ಅಂದರೆ ನನಗೆ ಚಿಕ್ಕಂದಿನಿಂದ ಪ್ರಾಣ. ಹಾಗಾಗಿ ಆರಿಸುವ ಕೆಲಸ ನನ್ನದೇ. ಅಷ್ಟೂ ವರ್ಷ ಆರಿಸಿ, ಬೈಸಿಕೊಂಡು, ಹೊಗಳಿಸಿಕೊಂಡು ಕೊನೆಗೆ ನನಗೊಂದು ಅಳತೆ ಸಿಕ್ಕಿದೆ. ರಿಂಗಿನ ಒಳಗೆ ಹೊಡೆದಾಡುವ ಇಬ್ಬರನ್ನು ಬಿಡಿ. ಹಗ್ಗದ ಆಚೆ ಟವೆಲ್ಲು, ನೀರಿನ ಬಾಟಲಿ ಹಿಡಿದು ನಿಂತವರು ಯಾರು ಅಂತ ನೋಡಿ. ಅಪ್ಪನಾ, ಗುರುವಾ, ಹೆಂಡತಿಯಾ, ಅಥವಾ ಯಾರೂ ಇಲ್ಲವಾ?

ಬಾಕ್ಸಿಂಗ್‌ನಲ್ಲಿ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಒಂದು ನಿಮಿಷ ಬಿಡುವು ಕೊಡುತ್ತಾರೆ. ಆ ಒಂದು ನಿಮಿಷ ಬಾಕ್ಸರ್ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾನೆ. ಬಾಯಿಗೆ ನೀರು, ಹುಬ್ಬಿನ ಗಾಯಕ್ಕೆ ಮುಲಾಮು, ಕಿವಿಗೆ ಎರಡು ಮಾತು. ಒಳ್ಳೆಯ ಫೈಟರ್ ಸಿನಿಮಾದ ಜೀವ ಆ ಸ್ಟೂಲಿನ ಹತ್ತಿರ ಇರುತ್ತದೆ. ಕೊನೆಗೆ ಯಾರು ಗೆಲ್ಲುತ್ತಾರೆ ಅನ್ನೋದು ಮುಕ್ಕಾಲು ಪಾಲು ಸಿನಿಮಾದಲ್ಲಿ ಮೊದಲೇ ಗೊತ್ತಾಗಿಬಿಡುತ್ತದೆ. ಮೂಲೆಯಲ್ಲಿ ನಿಂತವರ ಕಥೆ ಎಲ್ಲಿಗೆ ಹೋಗುತ್ತದೆ ಅನ್ನೋದು ಮಾತ್ರ ಗೊತ್ತಾಗೋದಿಲ್ಲ.

ವಾರಿಯರ್: ಅಪ್ಪ ಇದ್ದಾನೆ, ಮಕ್ಕಳಿಗೆ ಬೇಡ

2011ರಲ್ಲಿ ಬಂದ ಸಿನಿಮಾ. ಗ್ಯಾವಿನ್ ಓಕಾನರ್ ನಿರ್ದೇಶನ. ಟಾಮ್ ಹಾರ್ಡಿ ಮತ್ತು ಜೋಯಲ್ ಎಡ್ಗರ್ಟನ್ ಅಣ್ಣ ತಮ್ಮ, ನಿಕ್ ನೋಲ್ಟಿ ಅಪ್ಪ. ಆಟ ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲವೂ ಸೇರಿದ ಹೊಡೆದಾಟ. ಪಟ್ಟಿನಲ್ಲಿ ಸಿಕ್ಕಿಕೊಂಡವನು ಕೈ ತಟ್ಟಿದರೆ ಸೋಲು ಒಪ್ಪಿದ ಹಾಗೆ. 16 ಜನ ಇಳಿಯುತ್ತಾರೆ, ನಾಲ್ಕು ಪಂದ್ಯ ಗೆದ್ದವನಿಗೆ 50 ಲಕ್ಷ ಡಾಲರ್. ಎರಡನೆಯವನಿಗೆ ಏನೂ ಇಲ್ಲ.

ಅಣ್ಣ ಬ್ರೆಂಡನ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಸಾಲ ಕಟ್ಟದೆ ಮನೆ ಬ್ಯಾಂಕಿನ ಪಾಲಾಗುವ ಸ್ಥಿತಿ. ತಮ್ಮ ಟಾಮಿ ಸೈನ್ಯದಲ್ಲಿ ಇದ್ದು ಬಂದವನು, ಒಳಗೊಳಗೇ ಬೇಯುತ್ತಿರುವವನು. ಇಬ್ಬರಿಗೂ ಅಪ್ಪನನ್ನು ಕಂಡರೆ ಆಗಲ್ಲ. ಕುಡಿದು ಮನೆ ಹಾಳು ಮಾಡಿದ ಅಪ್ಪ ಅವನು. ಈಗ ಕುಡಿಯೋದು ಬಿಟ್ಟು ಸಾವಿರ ದಿನ ಆಗುತ್ತಾ ಬಂದಿದೆ. ಆದರೂ ದೊಡ್ಡ ಮಗ ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳೋದಿಲ್ಲ, ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾನೆ. ಚಿಕ್ಕವನು ಮನೆಗೆ ಬರುತ್ತಾನೆ, ಆದರೆ ಒಂದು ಷರತ್ತು ಹಾಕಿ. ನನಗೆ ತಾಲೀಮು ಕೊಡು ಸಾಕು, ಅಪ್ಪ ಅಂತ ಬರಬೇಡ.

ಅಂದರೆ ಟಾಮಿಯ ಮೂಲೆಯಲ್ಲಿ ನಿಂತಿರೋದು ಅಪ್ಪನೇ, ಆದರೆ ಅಪ್ಪ ಅಲ್ಲ. ಇಡೀ ಸಿನಿಮಾ ಇರೋದು ಅಲ್ಲಿ.

ನಾವು ನೋಡಿದ ರಾತ್ರಿ ಅಪ್ಪ ಮೊರದಲ್ಲಿ ಕಡಲೆಕಾಯಿ ಇಟ್ಟುಕೊಂಡು ಸುಲಿಯುತ್ತಾ ಕೂತಿದ್ದರು. ಇಂಗ್ಲಿಷ್ ಅರ್ಥ ಆಗಲ್ಲ, ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಮಾತು ಕನ್ನಡ ಮಾಡಿ ಹೇಳುತ್ತಿದ್ದಳು. ಜೂಜಿನ ಮನೆಯ ದೃಶ್ಯ ಬಂತು. ಮುದುಕ ಅಪ್ಪ ಮಿಷನ್ನಿನ ಮುಂದೆ ಕೂತಿರುವ ಮಗನ ಹತ್ತಿರ ಮೆಲ್ಲಗೆ ಬರುತ್ತಾನೆ, ನಾಲ್ಕು ಒಳ್ಳೆ ಮಾತಾಡೋಣ ಅಂತ. ಮಗ ಬಾಯಿಗೆ ಬಂದ ಹಾಗೆ ಅಂದು, ಕಪ್ಪಿನಲ್ಲಿದ್ದ ಚಿಲ್ಲರೆ ಕಾಸನ್ನು ಅಪ್ಪನ ಮೇಲೆ ಎಸೆಯುತ್ತಾನೆ. ನಿಕ್ ನೋಲ್ಟಿ ಏನೂ ಹೇಳೋದಿಲ್ಲ. ಸುಮ್ಮನೆ ನಿಂತಿರುತ್ತಾರೆ. ಆಗ ಮಗಳು ಅನುವಾದ ನಿಲ್ಲಿಸಿದಳು. ಬೇಕಾಗಿಯೂ ಇರಲಿಲ್ಲ. ಅಪ್ಪನ ಕೈಯಲ್ಲಿ ಅರ್ಧ ಸುಲಿದ ಕಾಯಿ ಹಾಗೇ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ, “ತಪ್ಪು ಅಪ್ಪಂದೇ. ಆದ್ರೂ ಹಂಗೆ ಎಸೀಬಾರ್ದಾಗಿತ್ತು ಕಣೋ” ಅಂದರು. ನಾನು ಓದಿದ, ಕೇಳಿದ ಎಷ್ಟೋ ಅಭಿಪ್ರಾಯಗಳಿಗಿಂತ ಆ ಒಂದು ಮಾತು ಈ ಸಿನಿಮಾಗೆ ಸರಿಯಾಗಿ ಹೊಂದುತ್ತದೆ. ನೋಲ್ಟಿ ಈ ಪಾತ್ರಕ್ಕೆ ಆಸ್ಕರ್ ಪೋಷಕ ನಟ ವಿಭಾಗದಲ್ಲಿ ನಾಮನಿರ್ದೇಶನ ಪಡೆದಿದ್ದರು. ಪ್ರಶಸ್ತಿ ಬರಲಿಲ್ಲ. ಬರಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಬಾಮೈದನ ಅಭಿಪ್ರಾಯ ಬೇರೆ. ಅವನಿಗೆ ಟಾಮಿ ಹೊಡೆದಾಡುವ ರೀತಿ ಇಷ್ಟ. ಹಾಡಿಲ್ಲ, ಅಬ್ಬರ ಇಲ್ಲ, ಬರುತ್ತಾನೆ, ಎದುರಾಳಿಯನ್ನು ಕೆಡವುತ್ತಾನೆ, ಗೆದ್ದವನ ಹೆಸರು ಕೂಗುವ ಮೊದಲೇ ಹೊರಟುಬಿಡುತ್ತಾನೆ. ಬ್ರೆಂಡನ್‌ದು ಬೇರೆ ದಾರಿ. ಏಟು ತಿನ್ನುತ್ತಾನೆ, ತಿನ್ನುತ್ತಾನೆ, ಕೊನೆಗೆ ಒಂದು ಕೈಯೋ ಕಾಲೋ ಸಿಕ್ಕಿದರೆ ಪಟ್ಟು ಹಾಕಿ ಬಿಡೋದಿಲ್ಲ. ಅವನ ಮೂಲೆಯಲ್ಲಿ ಹಳೆಯ ಗೆಳೆಯನೇ ಕೋಚು, ಉಸಿರಾಡು, ಉಸಿರಾಡು ಅನ್ನುತ್ತಾ ಸಮಾಧಾನ ಮಾಡುವವನು. ಕೋಬಾ ಅನ್ನೋ ರಷ್ಯಾದ ಪೈಲ್ವಾನನ ಪಾತ್ರ ಮಾಡಿರುವ ಕರ್ಟ್ ಆಂಗಲ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಿಜವಾಗಿಯೂ ಕುಸ್ತಿಯ ಚಿನ್ನ ಗೆದ್ದವರು. ಅವರು ಎತ್ತಿ ಒಗೆಯುವುದನ್ನು ನೋಡಿದರೆ ಗೊತ್ತಾಗುತ್ತದೆ, ನಟನೆಯ ಎತ್ತುವಿಕೆ ಅಲ್ಲ ಅದು.

ನನ್ನ ಹೆಂಡತಿ ತೆಗೆದ ತಕರಾರು ನ್ಯಾಯವಾದದ್ದು. ಅಣ್ಣನೂ ತಮ್ಮನೂ ಒಂದೇ ಟೂರ್ನಿಯಲ್ಲಿ, ಸರಿಯಾಗಿ ಕೊನೆಯ ಪಂದ್ಯಕ್ಕೇ ಎದುರುಬದುರಾಗೋದು ಅಂದರೆ ಕಥೆಗಾರ ಬೇಕು ಅಂತ ಕೂಡಿಸಿದ ಹಾಗೆ ಇದೆ ಅಂದಳು. ಹೌದು, ಕೂಡಿಸಿದ್ದೇ. ಆದರೆ ಆ ಕೊನೆಯ ಪಂದ್ಯ ಶುರುವಾದ ಮೇಲೆ ಅವಳೂ ಆ ಮಾತು ಎತ್ತಲಿಲ್ಲ. ಅದರ ಕೊನೆ ಇಲ್ಲಿ ಹೇಳೋದಿಲ್ಲ. ಯಾರ ಕಡೆ ಕೂಗಬೇಕು ಅಂತ ಗೊತ್ತಾಗದೆ ಮನೆಯವರೆಲ್ಲ ಸುಮ್ಮನಾಗುವ ಪಂದ್ಯ ನಾನು ನೋಡಿದ್ದು ಇದೊಂದೇ.

ಎರಡು ಗಂಟೆ ಇಪ್ಪತ್ತು ನಿಮಿಷದ ಸಿನಿಮಾ. ಮೊದಲ ಗಂಟೆಯಲ್ಲಿ ಏಟು ಕಮ್ಮಿ, ಮಾತು ಜಾಸ್ತಿ. ಮಂಡಿಯ ಗೆಳೆಯ ನಿದ್ದೆ ಮಾಡಿದ್ದು ಅಲ್ಲೇ. ಆ ಗಂಟೆಯನ್ನು ಓಡಿಸಿ ನೋಡಿದರೆ ಕೊನೆಯ ಪಂದ್ಯ ಬರೀ ಪಂದ್ಯವಾಗಿಬಿಡುತ್ತದೆ. ಹಾಗಾಗಿ ದಯವಿಟ್ಟು ಓಡಿಸಬೇಡಿ.

ಇದರದೇ ಹಿಂದಿ ರೂಪ ‘ಬ್ರದರ್ಸ್’, 2015ರದು. ಅಕ್ಷಯ್ ಕುಮಾರ್, ಸಿದ್ಧಾರ್ಥ್ ಮಲ್ಹೋತ್ರಾ, ಅಪ್ಪನಾಗಿ ಜಾಕಿ ಶ್ರಾಫ್. ಹಿಂದಿ ಚೆನ್ನಾಗಿ ಬರುವವರಿಗೆ, ಬಿಕ್ಕಿ ಬಿಕ್ಕಿ ಅಳಿಸುವ ಸಿನಿಮಾ ಇಷ್ಟಪಡುವವರಿಗೆ ಇದು ಹಿಡಿಸಬಹುದು. ನಮ್ಮಮ್ಮನಿಗೆ ಹಿಡಿಸಿತು. ನನಗೆ ಹಿಡಿಸಲಿಲ್ಲ. ಮೂಲದಲ್ಲಿ ಅಪ್ಪ ಸುಮ್ಮನೆ ನಿಂತಿದ್ದಕ್ಕೇ ಎದೆ ಹಿಂಡಿತ್ತು. ಇಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ, ಹಿಂದೆ ಸಂಗೀತವೂ ಹೇಳುತ್ತದೆ. ಎರಡರಲ್ಲಿ ಒಂದು ಅಂದರೆ ಮೂಲವನ್ನೇ ನೋಡಿ, ಭಾಷೆ ಅರ್ಥ ಆಗದಿದ್ದರೂ.

ನಮ್ಮ ಕಡೆಯವರಿಗೆ ಇರುವ ಒಂದು ಅನುಕೂಲ

ಕೋಲಾರ, ಮುಳಬಾಗಿಲು, ಬಂಗಾರಪೇಟೆ ಕಡೆಯವರಿಗೆ ಭಾಷೆ ಅಡ್ಡ ಬರೋದಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕೆಜಿಎಫ್ ಕಡೆ ಹೋದರೆ ತಮಿಳು. ಮಂಡಿಯಲ್ಲಿ ಮೂರೂ ಒಟ್ಟಿಗೆ. ಹಾಗಾಗಿ ಒಂದೇ ಕಥೆಯನ್ನು ಮೂರು ಭಾಷೆಯಲ್ಲಿ ನೋಡಿ ಇದು ಮೇಲು ಅದು ಮೇಲು ಅಂತ ತೂಗುವುದು ನಮಗೆ ಅಭ್ಯಾಸ.

ನನ್ನ ವಯಸ್ಸಿನವರಿಗೆ ಕಿಕ್ ಬಾಕ್ಸಿಂಗ್ ಹುಚ್ಚು ಹಿಡಿಸಿದ್ದು ಪವನ್ ಕಲ್ಯಾಣ್ ಅವರ ‘ತಮ್ಮುಡು’. 1999ರದು. ಅದೇ ಕಥೆ 2001ರಲ್ಲಿ ತಮಿಳಿನಲ್ಲಿ ವಿಜಯ್ ಅವರ ‘ಬದ್ರಿ’ ಆಯಿತು, ಕನ್ನಡದಲ್ಲಿ ಶಿವರಾಜ್‌ಕುಮಾರ್ ಅವರ ‘ಯುವರಾಜ’ ಆಯಿತು. ಸೋಮಾರಿಯಾಗಿ ತಿರುಗುವ ತಮ್ಮ, ಫೈಟರ್ ಅಣ್ಣ. ಅಣ್ಣನಿಗೆ ಆಪತ್ತು ಬಂದಾಗ ತಮ್ಮ ಅವನ ಜಾಗಕ್ಕೆ ನಿಲ್ಲುತ್ತಾನೆ. ಈ ಮೂರರಲ್ಲಿ ಯಾವುದು ಅಂತ ಕೇಳಿದರೆ ನಾನು ಹೇಳೋದು ಒಂದೇ. ನಿಮಗೆ ಯಾವ ಹೀರೋ ಇಷ್ಟವೋ ಅದನ್ನೇ ನೋಡಿ. ಕಥೆಗಿಂತ ಹೀರೋ ದೊಡ್ಡವನಾಗಿರುವ ಸಿನಿಮಾಗಳಿವು. ತಮ್ಮ ತಾಲೀಮು ಮಾಡುವ ಆ ಹತ್ತು ನಿಮಿಷ ಬಂದಾಗ ಈಗಲೂ ಮೈ ಜುಂ ಅನ್ನುತ್ತದೆ.

‘ಮೌರ್ಯ’ ವಿಷಯ ಮಾತ್ರ ಬೇರೆ. 2003ರ ತೆಲುಗಿನ ‘ಅಮ್ಮ ನಾನ್ನ ಓ ತಮಿಳ ಅಮ್ಮಾಯಿ’ 2004ರಲ್ಲಿ ಕನ್ನಡಕ್ಕೆ ‘ಮೌರ್ಯ’ ಆಗಿ ಬಂತು. ಎಸ್. ನಾರಾಯಣ್ ನಿರ್ದೇಶನ, ಪುನೀತ್ ರಾಜ್‌ಕುಮಾರ್, ಅಮ್ಮನಾಗಿ ರೋಜಾ, ಅಪ್ಪನಾಗಿ ದೇವರಾಜ್. ತಮಿಳಿನಲ್ಲೂ ಅದೇ ವರ್ಷ ‘ಎಂ. ಕುಮರನ್’ ಆಗಿ ಬಂತು. ಅಮ್ಮನೇ ಸರ್ವಸ್ವ ಅಂತ ಬೆಳೆದ ಮಗ, ಬಿಟ್ಟು ಹೋದ ಅಪ್ಪನ ಮನೆಬಾಗಿಲಿಗೆ ಹೋಗಿ ನಿಲ್ಲುವ ಕಥೆ. ಅಂದರೆ ‘ವಾರಿಯರ್’ನ ಅದೇ ಗಂಟು, ಆದರೆ ಇಲ್ಲಿ ಅದನ್ನು ನಗಿಸುತ್ತಾ, ಹಾಡುತ್ತಾ ಬಿಚ್ಚುತ್ತಾರೆ. ಮಕ್ಕಳು, ಅಜ್ಜಿ ಎಲ್ಲರೂ ಕೂತು ನೋಡಬಹುದು. ನಮ್ಮನೆಯಲ್ಲಿ ಅಪ್ಪು ಮತ್ತು ರೋಜಾ ಅವರ ಅಮ್ಮ ಮಗನ ದೃಶ್ಯಗಳು ಬಂದಾಗ ಯಾರೂ ರಿಮೋಟ್ ಮುಟ್ಟೋದಿಲ್ಲ. ಅಪ್ಪು ಹೋದ ಮೇಲಂತೂ ಅವು ಇನ್ನೂ ಭಾರವಾಗಿವೆ.

ಸಾರ್ಪಟ್ಟ, ಪೈಲ್ವಾನ್, ಗರಡಿ

ಗುರು ಶಿಷ್ಯರ ಕಥೆ ಬೇಕು ಅನ್ನುವವರಿಗೆ ಈ ಮೂರು. ಮೂರರಲ್ಲಿ ನನ್ನ ಮೊದಲ ಮಾತು ‘ಸಾರ್ಪಟ್ಟ ಪರಂಬರೈ’ಗೆ. ಪಾ. ರಂಜಿತ್ ನಿರ್ದೇಶನ, 2021ರಲ್ಲಿ ಪ್ರೈಮ್ ವಿಡಿಯೋದಲ್ಲಿ ನೇರವಾಗಿ ಬಂತು. ಎಪ್ಪತ್ತರ ದಶಕದ ಉತ್ತರ ಮದ್ರಾಸು, ಬಂದರಿನಲ್ಲಿ ಮೂಟೆ ಹೊರುವ ಕಬಿಲನ್ ಪಾತ್ರದಲ್ಲಿ ಆರ್ಯ. ಬಾಕ್ಸಿಂಗ್ ಅಲ್ಲಿ ಆಟ ಅಲ್ಲ, ಬೀದಿ ಬೀದಿಯ ಮರ್ಯಾದೆ. ಮೂಲೆಯಲ್ಲಿ ನಿಂತಿರುವ ರಂಗನ್ ವಾತ್ಯಾರ್ ಪಾತ್ರ ಪಶುಪತಿ ಅವರದು. ಬೆನ್ನು ನೆಟ್ಟಗೆ ಮಾಡಿ ನಿಲ್ಲುವ ಆ ನಿಲುವಿನಲ್ಲೇ ಅವರು ಅರ್ಧ ಪಾತ್ರ ಮುಗಿಸಿಬಿಡುತ್ತಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಪೊಲೀಸರು ಅವರನ್ನು ಹಿಡಿದುಕೊಂಡು ಹೋದ ಮೇಲೆ ಶಿಷ್ಯ ದಾರಿ ತಪ್ಪುತ್ತಾನೆ, ಕುಡಿಯುತ್ತಾನೆ, ಹೊಟ್ಟೆ ಬರುತ್ತದೆ. ಮೂಲೆ ಖಾಲಿಯಾದರೆ ಫೈಟರ್ ಏನಾಗುತ್ತಾನೆ ಅಂತ ನೋಡಬೇಕಾದರೆ ಇದನ್ನು ನೋಡಿ.

ಮಂಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಬರುತ್ತಾರೆ. ಅವರ ತಾತ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಇಳಿದು ದುಡಿದವರು. ಗಣಿ ಕಾರ್ಮಿಕರ ಸಾಲು ಮನೆಗಳಿಗೆ ಅಲ್ಲಿ ಲೈನು ಅಂತಲೇ ಕರೆಯುತ್ತಾರೆ. ಗಣಿ 2001ರಲ್ಲಿ ಮುಚ್ಚಿತು, ಲೈನುಗಳಲ್ಲಿ ಜನ ಇನ್ನೂ ಇದ್ದಾರೆ. ಈ ಸಿನಿಮಾ ನೋಡಿ ಅವರು, “ಅಣ್ಣ, ಇದು ಮದ್ರಾಸ್ ಅಲ್ಲ, ನಮ್ಮ ಲೈನೇ” ಅಂದರು. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಬಾಗಿಲಲ್ಲಿ ನಿಂತು ಪಂದ್ಯದ ಸುದ್ದಿ ಕೇಳುವ ಹೆಂಗಸರು, ಬ್ರಿಟಿಷರ ಕಾಲದಿಂದ ಬಂದ ಆಟ, ಎಲ್ಲರೂ ಡ್ಯಾಡಿ ಅಂತ ಕರೆಯುವ ಆಂಗ್ಲೋ ಇಂಡಿಯನ್ ಮುದುಕ. ಕೆಜಿಎಫ್‌ನವರಿಗೆ ಇದರಲ್ಲಿ ಹೊಸದು ಯಾವುದೂ ಇಲ್ಲ, ಎಲ್ಲ ಗುರುತಿನದೇ.

ಜನ ಈ ಸಿನಿಮಾ ಬಗ್ಗೆ ಎರಡು ಮಾತು ಹೇಳುತ್ತಾರೆ. ಡ್ಯಾನ್ಸಿಂಗ್ ರೋಸ್ ಅನ್ನೋ ಎದುರಾಳಿಯ ಪಂದ್ಯವನ್ನು ಹೊಗಳುತ್ತಾರೆ, ದ್ವಿತೀಯಾರ್ಧವನ್ನು ಬೈಯುತ್ತಾರೆ. ಮೊದಲನೆಯದು ನೂರಕ್ಕೆ ನೂರು ಸರಿ. ಶಬೀರ್ ಕಲ್ಲರಕ್ಕಲ್ ಕುಣಿಯುತ್ತಾ, ಜಾರುತ್ತಾ, ಕೈಗೆ ಸಿಗದೆ ಹೊಡೆಯುವ ಆ ಪಂದ್ಯವನ್ನು ನಾವು ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆವು. ಎರಡನೆಯದನ್ನು ನಾನು ಒಪ್ಪೋದಿಲ್ಲ. ಮೂರು ಗಂಟೆಗೆ ಹತ್ತಿರದ ಸಿನಿಮಾ, ನಿಜ. ಆದರೆ ಬಿದ್ದವನು ಏಳೋಕೆ ಅಷ್ಟು ಹೊತ್ತು ಬೇಕು. ಎರಡು ಹಾಡಿನಲ್ಲಿ ಎದ್ದುಬಿಟ್ಟರೆ ಅದು ಬಿದ್ದದ್ದೇ ಅಲ್ಲ.

‘ಪೈಲ್ವಾನ್’ 2019ರದು. ಎಸ್. ಕೃಷ್ಣ ನಿರ್ದೇಶನ, ಕಿಚ್ಚ ಸುದೀಪ್, ಸಾಕುತಂದೆ ಸರ್ಕಾರ್ ಪಾತ್ರದಲ್ಲಿ ಸುನಿಲ್ ಶೆಟ್ಟಿ. ಸುನಿಲ್ ಶೆಟ್ಟಿಗೆ ಇದೇ ಮೊದಲ ಕನ್ನಡ ಸಿನಿಮಾ. ಐದು ಭಾಷೆಯಲ್ಲಿ ಬಂತು. ಕುಸ್ತಿಯಲ್ಲಿ ಶುರುವಾಗಿ ಬಾಕ್ಸಿಂಗ್‌ಗೆ ತಿರುಗುವ ಕಥೆ. ಸುದೀಪ್ ಮೈ ಹುರಿಗೊಳಿಸಿಕೊಂಡು ಅಖಾಡಕ್ಕೆ ಇಳಿದಾಗ ಥಿಯೇಟರಿನಲ್ಲಿ ಬಿದ್ದ ಶಿಳ್ಳೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಸಾಕಿದವರ ಮಾತು ಮೀರಿ ಮದುವೆಯಾದ ಮಗ, ಮುನಿಸಿಕೊಂಡ ಅಪ್ಪ, ಇವರಿಬ್ಬರ ನಡುವಿನ ಎಳೆ ಗಟ್ಟಿಯಾಗಿದೆ. ಮಧ್ಯೆ ಹಾಡು, ಕಾಮಿಡಿ, ವಿಲನ್ನುಗಳು ಬಂದು ಆ ಎಳೆಯನ್ನು ಆಗಾಗ ಬಿಡುತ್ತಾರೆ. ಹಬ್ಬದ ದಿನ ಮನೆ ತುಂಬ ಜನ ಇದ್ದಾಗ ಇದಕ್ಕಿಂತ ಒಳ್ಳೆ ಆಯ್ಕೆ ಇಲ್ಲ. ಒಬ್ಬರೇ ಕೂತು ನೋಡೋಕೆ ಸಾರ್ಪಟ್ಟ ಮೇಲು.

‘ಗರಡಿ’ ಯೋಗರಾಜ್ ಭಟ್ಟರದು, 2023. ಗುರುವಾಗಿ ಬಿ.ಸಿ. ಪಾಟೀಲ್, ಶಿಷ್ಯನಾಗಿ ಯಶಸ್ ಸೂರ್ಯ. ಕೆಂಪು ಮಣ್ಣು, ಸಾಮು, ಉಸ್ತಾದರ ಗದರಿಕೆ, ಗರಡಿ ಮನೆಯ ಕಟ್ಟುಪಾಡು ನೋಡೋಕೆ ಆಸೆ ಇದ್ದರೆ ನೋಡಿ. ಕುಸ್ತಿ ಅಂದರೆ ಏನು ಅಂತ ಮಕ್ಕಳಿಗೆ ತೋರಿಸೋಕೂ ಆಗುತ್ತದೆ.

ದಂಗಲ್ ಮತ್ತು ಸುಲ್ತಾನ್

ಎರಡೂ 2016ರವು, ಎರಡೂ ಹರಿಯಾಣದ ಕುಸ್ತಿ. ಇದರಲ್ಲಿ ಯೋಚನೆ ಮಾಡೋದೇ ಬೇಡ, ‘ದಂಗಲ್’ ನೋಡಿ. ‘ಸುಲ್ತಾನ್’ನಲ್ಲಿ ಸಲ್ಮಾನ್ ಖಾನ್ ಚೆನ್ನಾಗಿ ಮಾಡಿದ್ದಾರೆ, ಸೋತು ಕನ್ನಡಿ ಮುಂದೆ ನಿಲ್ಲುವ ದೃಶ್ಯ ಒಂದು ಸಾಕು. ಆದರೆ ಅನುಷ್ಕಾ ಶರ್ಮಾ ಪಾತ್ರ ಅಷ್ಟು ದೊಡ್ಡ ಪೈಲ್ವಾನ್ ಆಗಿದ್ದೂ ಮದುವೆ, ಬಸಿರು ಅಂತ ಅಖಾಡ ಬಿಡುತ್ತದೆ, ಆಮೇಲೆ ಕಥೆ ಪೂರ್ತಿ ಗಂಡನದಾಗುತ್ತದೆ. ನನ್ನ ಮಗಳಿಗೆ ಅದು ಸ್ವಲ್ಪವೂ ಇಷ್ಟ ಆಗಲಿಲ್ಲ. “ಅವಳೂ ವಾಪಸ್ ಬಂದು ಫೈನಲ್ ಆಡಬಹುದಿತ್ತಲ್ವಾಪ್ಪ” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

‘ದಂಗಲ್’ ಬಗ್ಗೆಯೂ ಅವಳಿಗೆ ತಕರಾರು ಇತ್ತು. ಅಪ್ಪ ತನ್ನ ಆಸೆಯನ್ನು ಮಕ್ಕಳ ತಲೆ ಮೇಲೆ ಹೊರಿಸಿದ್ದು, ಕೇಳದೆ ಕೂದಲು ಕತ್ತರಿಸಿದ್ದು. ಈ ಮಾತು ಸಿನಿಮಾ ಬಂದಾಗಿನಿಂದ ಬಹಳ ಜನ ಎತ್ತಿದ್ದಾರೆ, ತೂಕದ ಮಾತು ಅದು. ನನ್ನ ಅಭಿಪ್ರಾಯದಲ್ಲಿ ಸಿನಿಮಾಗೆ ಆ ಪ್ರಶ್ನೆ ಗೊತ್ತಿದೆ. ಬೆಳೆದ ಮಗಳು ಗೀತಾ ವಾಪಸ್ ಬಂದು ಮಣ್ಣಿನಲ್ಲಿ ಅಪ್ಪನ ಜೊತೆ ಕುಸ್ತಿಗೆ ಇಳಿಯುವ ದೃಶ್ಯ ಇದೆ. ಅಪ್ಪನಿಗೆ ಏದುಸಿರು. ಮಗಳು ನಿಲ್ಲಿಸೋದಿಲ್ಲ, ಕೆಡವಿಯೇ ಬಿಡುತ್ತಾಳೆ. ಗೆದ್ದವಳ ಮುಖದಲ್ಲಿ ಖುಷಿ ಇಲ್ಲ, ಸೋತವನು ಬಾಯಿ ಬಿಡೋದಿಲ್ಲ. ಆ ಮೂರು ನಿಮಿಷಕ್ಕೋಸ್ಕರ ನಾನು ಈ ಸಿನಿಮಾವನ್ನು ಮತ್ತೆ ಮತ್ತೆ ನೋಡುತ್ತೇನೆ.

ಒಂದು ವಿಷಯ ತಿಳಿದುಕೊಂಡು ನೋಡಿ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಈ ಕಥೆಗೆ ಮೂಲವಾದ ಗೀತಾ ಫೋಗಟ್ 55 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದದ್ದು ನಿಜ. ಆದರೆ ಸಿನಿಮಾದಲ್ಲಿ ಇರುವ ಹಾಗೆ ಕೊನೆಯ ಕ್ಷಣದ ಪವಾಡ ಅಲ್ಲ, ಅವರು ಫೈನಲ್ ಅನ್ನು ಸುಲಭವಾಗಿಯೇ ಗೆದ್ದರು. ಕೋಚು ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕಿಸುವುದೂ ಕಥೆಗಾಗಿ ಸೇರಿಸಿದ್ದು. ಅದಕ್ಕೆ ಆಗಿನ ಕೋಚ್ ಬಹಿರಂಗವಾಗಿಯೇ ಬೇಸರ ಹೇಳಿಕೊಂಡಿದ್ದರು. ಸಿನಿಮಾದವರು ಯಾಕೆ ಹಾಗೆ ಮಾಡಿದರು ಅಂತ ನನಗೆ ಅರ್ಥ ಆಗುತ್ತದೆ. ಮೂಲೆಯಲ್ಲಿ ಅಪ್ಪ ಇಲ್ಲದೆ ಮಗಳು ಗೆಲ್ಲೋದನ್ನು ತೋರಿಸಬೇಕಿತ್ತು. ಆದರೂ ಬದುಕಿರುವ ಒಬ್ಬ ಕೋಚಿನ ಮೇಲೆ ಆ ಭಾರ ಬಿದ್ದದ್ದು ಸರಿಯಲ್ಲ.

ಹೆಣ್ಣುಮಕ್ಕಳ ಬಾಕ್ಸಿಂಗ್

ಮಗಳ ಜೊತೆ ನೋಡೋಕೆ ನನ್ನ ಆಯ್ಕೆ ‘ಇರುದಿ ಸುಟ್ರು’. ಸುಧಾ ಕೊಂಗರ ನಿರ್ದೇಶನ, 2016. ಹಿಂದಿಯಲ್ಲಿ ‘ಸಾಲಾ ಖಡೂಸ್’, 2017ರಲ್ಲಿ ವೆಂಕಟೇಶ್ ಜೊತೆ ತೆಲುಗಿನಲ್ಲಿ ‘ಗುರು’. ಮೀನು ಮಾರುವ ಹುಡುಗಿಯಾಗಿ ರಿತಿಕಾ ಸಿಂಗ್. ಅವರು ನಿಜವಾದ ಕಿಕ್ ಬಾಕ್ಸರ್, ಅದಕ್ಕೇ ಪಂದ್ಯಗಳಲ್ಲಿ ಸುಳ್ಳು ಕಾಣೋದಿಲ್ಲ. ಎರಡು ಗಂಟೆಗೂ ಕಡಿಮೆ. ಕೋಚಾಗಿ ಮಾಧವನ್, ಸಿಡುಕ, ಬಾಯಿ ಕೆಟ್ಟದು, ಆದರೆ ಆಟದ ವಿಷಯದಲ್ಲಿ ಪ್ರಾಮಾಣಿಕ. ಹುಡುಗಿಗೆ ಅವನ ಮೇಲೆ ಮನಸ್ಸಾಗುವ ಎಳೆ ನನ್ನ ಹೆಂಡತಿಗೆ ಬೇಡ ಅನಿಸಿತು. ನನಗೂ ಅದು ಇಲ್ಲದಿದ್ದರೆ ಚೆನ್ನಾಗಿತ್ತು ಅನಿಸಿತು. ನಮ್ಮ ಕಡೆ ತೆಲುಗು ಬರುವವರಿಗೆ ‘ಗುರು’ ಸಾಕು, ನಿರ್ದೇಶಕಿ, ನಾಯಕಿ ಇಬ್ಬರೂ ಅದರಲ್ಲೂ ಅವರೇ.

ಪ್ರಿಯಾಂಕಾ ಚೋಪ್ರಾ ಅವರ ‘ಮೇರಿ ಕೋಮ್’ (2014) ನೋಡಬಹುದು, ಮುಖ್ಯವಾಗಿ ಅವಳಿ ಮಕ್ಕಳನ್ನು ಹೆತ್ತ ಮೇಲೆ ಮತ್ತೆ ಗ್ಲೌಸ್ ಹಾಕುವ ಭಾಗ. ಮಣಿಪುರದ ನಟಿಯನ್ನೇ ಹಾಕಬೇಕಿತ್ತು ಅನ್ನುವ ಮಾತಿಗೆ ನನ್ನ ಸಹಮತ ಇದೆ.

‘ಮಿಲಿಯನ್ ಡಾಲರ್ ಬೇಬಿ’ (2004) ಇವೆಲ್ಲಕ್ಕಿಂತ ದೊಡ್ಡ ಸಿನಿಮಾ. ಕ್ಲಿಂಟ್ ಈಸ್ಟ್‌ವುಡ್, ಹಿಲರಿ ಸ್ವಾಂಕ್, ಮಾರ್ಗನ್ ಫ್ರೀಮನ್. ಉತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್. ಆದರೆ ಮಕ್ಕಳ ಜೊತೆ ಬೇಡ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಈಗ ಬೇಡ. ಅರ್ಧದ ಮೇಲೆ ಅದು ಬಾಕ್ಸಿಂಗ್ ಸಿನಿಮಾ ಆಗಿ ಉಳಿಯೋದಿಲ್ಲ. ಮೂಲೆಯಲ್ಲಿ ನಿಂತ ಮನುಷ್ಯ ಎಷ್ಟು ದೂರ ಜೊತೆ ಹೋಗಬೇಕು ಅನ್ನುವ ಪ್ರಶ್ನೆ ಕೇಳುತ್ತದೆ. ನಾನು ಅದನ್ನು ಒಂದೇ ಸಲ ನೋಡಿದ್ದೇನೆ. ಎರಡನೇ ಸಲ ನೋಡುವ ಧೈರ್ಯ ಬಂದಿಲ್ಲ.

ಇನ್ನು ಉಳಿದದ್ದು

ಏಟು, ರಕ್ತ ನೋಡೋಕೆ ಆಗದವರಿಗೆ ‘ದಂಗಲ್’, ‘ಮೌರ್ಯ’ ಸುರಕ್ಷಿತ. ಮಾರ್ಟಿನ್ ಸ್ಕಾರ್ಸೆಸಿಯವರ ‘ರೇಜಿಂಗ್ ಬುಲ್’ (1980) ಕಪ್ಪು ಬಿಳುಪಿನದಾದರೂ ರಕ್ತ ಕಣ್ಣಿಗೆ ರಾಚುತ್ತದೆ. ಅದರ ನಾಯಕ ಹೆಂಡತಿಯನ್ನು, ತಮ್ಮನನ್ನು, ಕೊನೆಗೆ ಎಲ್ಲರನ್ನೂ ದೂರ ಮಾಡಿಕೊಳ್ಳುವವನು. ಅವನ ಮೂಲೆ ಖಾಲಿಯಾಗಿರೋದು ಅವನ ಕೈಯಿಂದಲೇ. ರಾಬರ್ಟ್ ಡಿ ನೀರೊ ನಟನೆ ನೋಡಬೇಕು ಅನ್ನುವವರು ನೋಡಿ, ಮನೆಮಂದಿ ಜೊತೆ ಬೇಡ. ‘ದ ಫೈಟರ್’ (2010) ಅಣ್ಣ ತಮ್ಮಂದಿರ ನಿಜ ಕಥೆ. ಅಲ್ಲಿ ಮೂಲೆಯಲ್ಲಿ ಜನ ಜಾಸ್ತಿಯಾದದ್ದೇ ತೊಂದರೆ. ಅಮ್ಮ, ಚಟಕ್ಕೆ ಬಿದ್ದ ಅಣ್ಣ, ಏಳು ಜನ ಅಕ್ಕತಂಗಿಯರು, ಎಲ್ಲರಿಗೂ ಬಾಕ್ಸರ್ ತಮ್ಮನ ಮೇಲೆ ಹಕ್ಕು. ಜಮೀನು ಭಾಗದ ಪಂಚಾಯ್ತಿಗೆ ಕೂತು ಎದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಅಣ್ಣನಾಗಿ ಕ್ರಿಶ್ಚಿಯನ್ ಬೇಲ್, ಅಮ್ಮನಾಗಿ ಮೆಲಿಸ್ಸಾ ಲಿಯೋ, ಇಬ್ಬರಿಗೂ ಆಸ್ಕರ್ ಬಂತು.

ಜೀವನದಲ್ಲಿ ಒಂದೇ ಒಂದು ಫೈಟರ್ ಸಿನಿಮಾ ನೋಡುತ್ತೇನೆ ಅನ್ನುವವರು ನನ್ನನ್ನು ಕೇಳಿದರೆ, ‘ವಾರಿಯರ್’ ಎಷ್ಟೇ ಇಷ್ಟವಾಗಿದ್ದರೂ, ನಾನು ಹೇಳೋದು 1976ರ ‘ರಾಕಿ’. ಸಿಲ್ವೆಸ್ಟರ್ ಸ್ಟಲೋನ್ ತಾವೇ ಬರೆದು ತಾವೇ ನಟಿಸಿದ್ದು. ಬಾಕ್ಸರ್ ರಾಕಿಗೆ ಚಾಂಪಿಯನ್ನನ್ನು ಸೋಲಿಸುವ ಆಸೆಯೂ ಇಲ್ಲ. 15 ಸುತ್ತು ಮುಗಿದು ಗಂಟೆ ಹೊಡೆದಾಗ ತಾನು ಇನ್ನೂ ಕಾಲ ಮೇಲೆ ನಿಂತಿದ್ದರೆ ಸಾಕು. ಮೂಲೆಯಲ್ಲಿ ಮುದುಕ ಕೋಚು ಇದ್ದಾನೆ, ಜನದ ಆಚೆ ಅವನ ಹುಡುಗಿ ಏಡ್ರಿಯನ್ ಇದ್ದಾಳೆ. ಕೊನೆಗೆ ಮೈಕಿನಲ್ಲಿ ತೀರ್ಪು ಓದುತ್ತಿರುತ್ತಾರೆ, ಅವನ ಕಿವಿಗೆ ಅದು ಬೀಳೋದೇ ಇಲ್ಲ, ಊದಿದ ಕಣ್ಣಿನಲ್ಲಿ ಅವಳ ಹೆಸರು ಕೂಗುತ್ತಾ ಹುಡುಕುತ್ತಿರುತ್ತಾನೆ.

ಈ ಶನಿವಾರ ನಮ್ಮನೆಯಲ್ಲಿ ಅದೇ. ಅಪ್ಪ ಇನ್ನೂ ನೋಡಿಲ್ಲ. ಮಗಳಿಗೆ ಈಗಾಗಲೇ ಹೇಳಿಟ್ಟಿದ್ದೇನೆ, ಆ ಕೊನೆಯ ಎರಡು ನಿಮಿಷ ತಾತನಿಗೆ ಏನೂ ಅನುವಾದ ಮಾಡಬೇಡ ಅಂತ.